ಆಲಿಸ್‌ಗ ನೀಲಿ ಫ್ರಾಕೇ ಆಗಬೇಕೇನು?

ಸೂಟಿಗೆ ಬಂದಿದ್ದ ಮೊಮ್ಮಗಳಿಗೆ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಕತಿ ಹೇಳಿದ್ದೆ. ಕೇಳಿದಾಕಿನ ಆಲಿಸ್‌ನ ಚಿತ್ರಾ ತಗದ್ಲು. ಎರಡು ಜಡಿ, ಹಸಿರು ಪರಕಾರ. ಭಾಳ ಛಂದ ಬಂದಿತ್ತು. ಆಮ್ಯಾಲೆ ಪುಸ್ತಕದ ರಟ್ಟು ನೋಡಿ, "ಅಜ್ಜಿ, ಆಲಿಸ್ ಹಿಂಗಿಲ್ಲ" ಅಂತ ರಬ್ಬರ್ ತಗೊಂಡು ಎಲ್ಲಾ ಒರಸಿಬಿಟ್ಲು. ನನಗ ಕೆಟ್ಟನಿಸ್ತು.

ಅಲ್ರೀ, ಬಂಗಾರದ ಕೂದಲಾ, ನೀಲಿ ಫ್ರಾಕು, ಬಿಳಿ ಏಪ್ರನ್ ಇದ್ರಷ್ಟ ಆಲಿಸ್ ಅಂತ ಗೊತ್ತು ಮಾಡಿದವರು ಯಾರು? ಕತ್ಯಾಗ ಆಕಿ ಫ್ರಾಕಿನ ಬಣ್ಣಾನ ಹೇಳಿಲ್ಲ. ಕತಿ ಬರದ ಲೂಯಿಸ್ ಕ್ಯಾರಲ್, ತಾನ ಚಿತ್ರಾ ತಗದು, ಕೈಲೆ ಬರದ ಪುಸ್ತಕಾ 1864ರಾಗ ಆಲಿಸ್ ಲಿಡೆಲ್ ಅನ್ನೋ ಹುಡುಗಿಗೆ ಕೊಟ್ಟಿದ್ದ. ಆ ಖರೇ ಆಲಿಸ್‌ಂದು ಸಣ್ಣಾಕಿದ್ದಾಗ ಕರೀ ಗಿಡ್ಡ ಕೂದಲಾ! 1865ರಾಗ ಅಚ್ಚಾದ ಪುಸ್ತಕಕ್ಕ ಜಾನ್ ಟೆನಿಯಲ್ 42 ಚಿತ್ರಾ ತಗದ. ಉದ್ದ ಕೂದಲಿನ, ಏಪ್ರನ್ ಕಟ್ಟಿದ ಹುಡುಗಿ ಅವನ ಕೈಯಿಂದ ಬಂದಾಕಿ. ಆದ್ರ ಅವು ಕಪ್ಪು-ಬಿಳುಪು ಚಿತ್ರಾ. ಮುಂದ ಸಣ್ಣ ಮಕ್ಕಳ ಸಲುವಾಗಿ 'ದಿ ನರ್ಸರಿ ಆಲಿಸ್' ಮಾಡಿದಾಗ ಅವನ ಬಣ್ಣಾ ಹಚ್ಚಿದ. ಫ್ರಾಕ್ ಯಾವ ಬಣ್ಣದ್ದು ಅಂತೀರಿ? ಹಳದಿ! ನೀಲಿ ಫ್ರಾಕು ಮಂದಿ ಮನಸ್ಸಿನ್ಯಾಗ ಗಟ್ಟಿಯಾಗಿ ಕೂತಿದ್ದು 1951ರ ಡಿಸ್ನಿ ಸಿನೆಮಾದಿಂದ.

ಉಳಿದವರೂ ಸುಮ್ಮನ ಕೂಡಲಿಲ್ಲ. 1907ರಾಗ ಆರ್ಥರ್ ರ‍್ಯಾಕ್‌ಹ್ಯಾಮ್ ಅದ ಲೋಕಕ್ಕ ಗಂಟುಗಂಟಿನ ಗಿಡ, ತಿರುಚಿದ ಬೇರು, ಮಣ್ಣಿನ ಬಣ್ಣಾ ತಂದ. 1969ರಾಗ ಸಾಲ್ವದೋರ್ ಡಾಲಿ 12 ಅಧ್ಯಾಯಕ್ಕ 12 ಬಣ್ಣದ ಚಿತ್ರಾ ಮಾಡಿದ. ಅವನ ಆಲಿಸ್ ಹಗ್ಗ ಜಿಗಿಯೋ ಹುಡುಗಿ, ಹಿಂದ ಉದ್ದನ್ನ ನೆರಳು. ಮೂಗು-ಕಣ್ಣು ಹುಡುಕಿದ್ರೂ ಸಿಗೂದಿಲ್ಲ.

ಟೆನಿಯಲ್ ಏನು ಕಡಿಮಿ ಅಂತಲ್ಲ. ಹುಚ್ಚ ಟೊಪಗಿಯವನ ಟೊಪಗಿಗೆ ಬೆಲಿ ಚೀಟಿ ಸಿಗಿಸ್ಯಾನಲ್ಲ, ಆ ಜಾಣತನಕ್ಕ ನಾನೂ ನಕ್ಕೀನಿ. ಆದ್ರ ಅವನದ ಒಂದ ಖರೇ, ಉಳಿದದ್ದೆಲ್ಲಾ ತಪ್ಪು ಅಂತ ಮಕ್ಕಳ ತಲ್ಯಾಗ ಕೂಡಬಾರದು. ಇಷ್ಟು ದೊಡ್ಡ ಕಲಾವಿದರ ಒಬ್ಬರಂಗ ಒಬ್ಬರು ತಗದಿಲ್ಲ ಅಂದ ಮ್ಯಾಲೆ, ನಮ್ಮ ಹುಡುಗಿ ಎರಡು ಜಡಿ ಹಾಕಿದ್ರ ಏನು ತಪ್ಪು?

ಅದಕ್ಕ ಅಕ್ಕಾ, ವೈನಿ, ನನ್ನ ಮಾತಿಷ್ಟ: ಮೊದಲು ಪುಸ್ತಕ ಮುಚ್ಚಿಟ್ಟು ಬಾಯಿಲೆ ಕತಿ ಹೇಳ್ರಿ. ಮಕ್ಕಳು ತಮ್ಮ ಚಿತ್ರಾ ಪೂರಾ ತಗೀಲಿ. ಆಮ್ಯಾಲೆ ಒಬ್ಬರದಲ್ಲ, ಮೂರ್ನಾಲ್ಕು ಮಂದಿ ತಗದದ್ದು ತೋರಸ್ರಿ.

ಆ ಹಾಳಿ ನಾನು ಎತ್ತಿಟ್ಟೀನಿ. ಜಡಿ ಗೆರಿ ಇನ್ನೂ ಸ್ವಲ್ಪ ಕಾಣಸ್ತಾವ. ಮುಂದಿನ ಸೂಟ್ಯಾಗ ಹಳದಿ ಫ್ರಾಕಿನ ಆಲಿಸ್‌ನ ತೋರಿಸಿ, ಪೆನ್ಸಿಲ್ ಆಕಿ ಕೈಯಾಗ ಕೊಡಾಕಿ.