ಬೆರಳು ಸೊಟ್ಟಗಾಗುವವರೆಗೆ ಕಾಯಬೇಕೆ?



ಅಂಗವಿಕಲರ ಗುರುತಿನ ಚೀಟಿಗಾಗಿ ನಡೆದ ತಪಾಸಣಾ ಶಿಬಿರವೊಂದಕ್ಕೆ ನಾನೂ ಹೋಗಿದ್ದೆ. ಕೈಕಾಲು ಮಡಿಸಿ, ಬಿಡಿಸಿ ನೋಡಿದ ವೈದ್ಯರು ‘ಎಲ್ಲ ಆಡ್ತಾ ಇದಾವಲ್ಲಮ್ಮ, ಬೆರಳು ಸೊಟ್ಟಗಾದ್ರೆ ಬನ್ನಿ’ ಎಂದು ಕಳಿಸಿದರು. ಅವರನ್ನು ದೂರುವುದಿಲ್ಲ. ನನ್ನ ತಕರಾರು ಅವರ ಕೈ ಕಟ್ಟಿಹಾಕಿರುವ ನಿಯಮದ ಮೇಲೆ.

ನನಗಿರುವುದು ರುಮಟಾಯ್ಡ್ ಸಂಧಿವಾತ. ಸೋಂಕಿನ ವಿರುದ್ಧ ಕಾದಾಡಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ವಯಸ್ಸಾದವರ ಮಂಡಿ ಸವೆತವೇ ಬೇರೆ. ಅವರಿಗೆ ನಡೆದಷ್ಟೂ ನೋವು, ನಮಗೆ ಮಲಗೆದ್ದಾಗಲೇ ನೋವು. ಬೆಳಗಿನ ಒಂದು ತಾಸು ಮುಷ್ಟಿ ಬಿಗಿಯಲಾಗದು, ನಲ್ಲಿ ತಿರುವಲಾಗದು, ಜಡೆ ಹಾಕಿಕೊಳ್ಳಲಾಗದು. ಬಿಸಿಲೇರಿದ ಮೇಲೆ ಕೈ ಸಡಿಲವಾಗುತ್ತದೆ. ಶಿಬಿರದಲ್ಲಿ ನಮ್ಮ ಸರದಿ ಬರುವುದೂ ಆಗಲೇ! ಇನ್ನು ಈ ಕಾಯಿಲೆ ತರುವ ಸುಸ್ತನ್ನು ಅಳೆಯುವ ಪಟ್ಟಿಯನ್ನು ಯಾರೂ ತಂದಿರುವುದಿಲ್ಲ.

ನಮ್ಮ ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಹೆಂಗಸರಿಗೆ ಹಗಲು ರಾತ್ರಿ ಸುಲಿಯುವ ಕೆಲಸ. ಸುಲಿದಷ್ಟಕ್ಕೇ ಕೂಲಿ. ನಸುಕಿನಲ್ಲಿ ಮೆಟ್ಟುಗತ್ತಿ ಮುಂದೆ ಕೂತವಳ ಬೆರಳು ಮಡಚದಿದ್ದರೆ ‘ಮೈಗಳ್ಳಿ’ ಎಂಬ ಹೆಸರು. ಅದರ ಮೇಲೆ, 2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯದ ಎಷ್ಟೋ ಊರುಗಳನ್ನು ಮಲಗಿಸಿದಾಗಿನಿಂದ ಯಾರ ಕೀಲು ಊದಿದರೂ ‘ಅದರ ಉಳಿಕೆ ಇರ್ಬೇಕು’ ಎಂಬ ಉತ್ತರ ಸಿದ್ಧವಾಗಿದೆ. ಆಮೇಲೆ ನೋವಿನ ಮಾತ್ರೆ, ಹೆಸರಿಲ್ಲದ ಪುಡಿ. ಎರಡೇ ದಿನಕ್ಕೆ ಎಬ್ಬಿಸಿ ಓಡಾಡಿಸುವ ಪುಡಿಯಲ್ಲಿ ಸ್ಟಿರಾಯ್ಡ್ ಇತ್ತೆಂದು ಗೊತ್ತಾಗುವುದು ಮುಖ ಊದಿಕೊಂಡ ಮೇಲೆ. ಅಷ್ಟರಲ್ಲಿ ಕೀಲು ಹಾಳಾಗಿರುತ್ತದೆ. ಹಾಳಾದದ್ದು ಮತ್ತೆ ಸರಿಹೋಗುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವೈಕಲ್ಯಗಳ ಬಗೆಯನ್ನು 7ರಿಂದ 21ಕ್ಕೆ ಏರಿಸಿತು. ರೋಗನಿರೋಧಕ ಶಕ್ತಿ ನರಗಳ ಮೇಲೆ ತಿರುಗಿಬೀಳುವ ಮಲ್ಟಿಪಲ್ ಸ್ಕ್ಲೆರೋಸಿಸ್ ಅದರಲ್ಲಿದೆ. ಅದೇ ಜಾತಿಯ ಸಂಧಿವಾತ, ಲೂಪಸ್‌ಗಳ ಹೆಸರಿಲ್ಲ. ನಮ್ಮನ್ನು ಚಲನವೈಕಲ್ಯದಡಿ ನಿಲ್ಲಿಸಿ, ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ ಎಂದು ಅಳೆಯುತ್ತಾರೆ. ಸೌಲಭ್ಯ ಸಿಗಬೇಕಾದರೆ ಶೇ 40 ಮುಟ್ಟಬೇಕು. ಹೀಗಾಗಿ ಸಾಲ ಮಾಡಿಯಾದರೂ ಚಿಕಿತ್ಸೆ ಪಡೆದು ಬೆರಳು ಉಳಿಸಿಕೊಂಡವಳು ಬರಿಗೈಲಿ ವಾಪಸು. ಚಿಕಿತ್ಸೆಯಿಲ್ಲದೆ ಕೈ ಕಳೆದುಕೊಂಡವಳಿಗೆ ಚೀಟಿ.

ಚೀಟಿಗಿಂತ ಮೊದಲು ಬೇಕಾದದ್ದು ಮಾತ್ರೆ. ನಮ್ಮ ಮುಖ್ಯ ಔಷಧ ಮೆಥೋಟ್ರೆಕ್ಸೇಟ್ ದುಬಾರಿಯದೇನಲ್ಲ, ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ವಾರಕ್ಕೆ ಒಂದೇ ದಿನ ನುಂಗಬೇಕು. ತಪ್ಪು ತಿಳಿದು ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಲಿವರ್, ರಕ್ತಕಣಗಳ ಪರೀಕ್ಷೆಯನ್ನು ಆಗಾಗ ಮಾಡಿಸುತ್ತಿರಬೇಕು. ಇಷ್ಟು ವಿವರಿಸಿ ಹೇಳುವ ಒಬ್ಬ ವೈದ್ಯರಿಗಾಗಿ ನಾವು ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಬೇಕು. 2023ರ ‘ಶಕ್ತಿ’ ಯೋಜನೆಯಿಂದ ಬಸ್ ಚಾರ್ಜು ಉಳಿದಿದೆ, ಸಂತೋಷ. ಸೀಟು ಕೇಳಿದರೆ ಮಾತ್ರ ‘ನೋಡಾಕೆ ಚೆನ್ನಾಗೇ ಇದೀರಲ್ಲ’ ಎನ್ನುತ್ತಾರೆ. ಆಯುಷ್ಮಾನ್ ಕಾರ್ಡ್ ನೆರವಿಗೆ ಬರುವುದು ಹೆಚ್ಚಾಗಿ ಆಸ್ಪತ್ರೆ ಸೇರಿದಾಗ. ನಮ್ಮದು ಮನೆಯಲ್ಲೇ ಮಾತ್ರೆ ನುಂಗುತ್ತ ಕಳೆಯುವ ಕಾಯಿಲೆ. ಆ ಮಾತ್ರೆಯೂ ಸಿಗದಿದ್ದರೆ? 2020ರಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕೋವಿಡ್ ತಡೆಯುತ್ತದೆಂಬ ಮಾತೆದ್ದು, ಆ ಔಷಧವನ್ನೇ ನೆಚ್ಚಿಕೊಂಡಿದ್ದ ಲೂಪಸ್ ರೋಗಿಗಳು ಔಷಧಿ ಅಂಗಡಿಯಿಂದ ಅಂಗಡಿಗೆ ಅಲೆದದ್ದು ಎಷ್ಟು ಜನಕ್ಕೆ ನೆನಪಿದೆಯೋ!

ಬಿಪಿ, ಶುಗರ್ ತಪಾಸಣೆ ಮನೆ ಬಾಗಿಲಿಗೆ ಬರಬೇಕೆಂಬ ಯೋಚನೆ ಸರ್ಕಾರಕ್ಕೆ ಹೊಳೆದಿದೆ. ಆಶಾ ಕಾರ್ಯಕರ್ತೆ ಕೇಳುವ ಪ್ರಶ್ನೆಗಳ ಜೊತೆ ‘ಬೆಳಿಗ್ಗೆ ಎದ್ದಾಗ ಕೈ ಬಿಗಿಹಿಡೀತದಾ, ಎಷ್ಟು ಹೊತ್ತು?’ ಎಂಬುದನ್ನೂ ಸೇರಿಸಲು ಖರ್ಚೇನಿದೆ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ತಿಂಗಳಿಗೊಮ್ಮೆಯಾದರೂ ಕೀಲುರೋಗ ತಜ್ಞರು ಬಂದು ಕೂರಲಿ. ಮಾತ್ರೆ, ರಕ್ತಪರೀಕ್ಷೆ ಅಲ್ಲೇ ಪುಕ್ಕಟೆ ಸಿಗಲಿ. ಕಾಯ್ದೆಯ ಪಟ್ಟಿಗೆ ಹೊಸ ಬಗೆಗಳನ್ನು ಸೇರಿಸುವ ಅಧಿಕಾರ ಕೇಂದ್ರಕ್ಕಿದೆ. ನೋವು, ಸುಸ್ತುಗಳನ್ನೂ ಲೆಕ್ಕಕ್ಕೆ ಹಿಡಿಯುವಂತೆ ರಾಜ್ಯ ಸರ್ಕಾರ ಶಿಫಾರಸು ಮಾಡಲಿ, ನಮ್ಮ ಶಾಸಕರು, ಸಂಸದರು ಈ ಬಗ್ಗೆ ಸದನದಲ್ಲಿ ದನಿಯೆತ್ತಲಿ.

– ಒಬ್ಬ ಓದುಗಿ, ಕೆರೆಬಿಳಚಿ, ಚನ್ನಗಿರಿ ತಾಲ್ಲೂಕು