ಡಬ್ಬಿಯಲ್ಲಿ ಉಳಿದ ಬೆಡ್ ಲೈನರ್ ಮನೆ ಮುಂದೆ ಹೊಡೆಯಬೇಡಿ



ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್ ಕಡೆಯಿಂದ ಹೈದರಾಬಾದಿಗೆ ಬಂದು ಗಾಡಿ ನಂಬಿ ಬದುಕುವವರಿಗಾಗಿ ಈ ಬರಹ. ಟಾಟಾ ಏಸ್ ಇರಲಿ, ಪಿಕಪ್ ಇರಲಿ, ದೊಡ್ಡ ಲಾರಿ ಇರಲಿ, ಓಡಿಸುವವರ ಮನೆಯವರೂ ಓದಿ. ಯಾಕೆಂದರೆ ನಾನು ಹೇಳುತ್ತಿರುವ ಕೆಲಸ ನಡೆಯುವುದು ಮನೆ ಬಾಗಿಲಲ್ಲೇ.

ಗಾಡಿಯಲ್ಲಿ ಸಿಲಿಂಡರ್, ಇಟ್ಟಿಗೆ, ಕಬ್ಬಿಣ ಎಳೆದಾಡಿದರೂ ಗೀರು ಬೀಳಬಾರದು, ತುಕ್ಕು ಹಿಡಿಯಬಾರದು ಅಂತ ಹಿಂದಿನ ಬಾಡಿಯೊಳಗೆ ದಪ್ಪನೆಯ, ಖರಖರ ಅನ್ನುವ ಕರಿ ಲೇಪ ಹೊಡೆಸುತ್ತಾರೆ. ಅದೇ ಬೆಡ್ ಲೈನರ್. ಒಳ್ಳೆಯ ವಸ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಡಬ್ಬಿಯ ತಳದಲ್ಲಿ ಉಳಿಯುವುದರ ಬಗ್ಗೆ. "ಇಷ್ಟು ರೊಕ್ಕ ಕೊಟ್ಟು ತಂದದ್ದು, ಚೆಲ್ಲೋದ್ಯಾಕೆ? ಬಾಗಿಲಿನ ಕೆಳಗೆ, ಬಂಪರಿಗೆ, ಮಡ್‌ಗಾರ್ಡಿಗೆ ಹೊಡೆದರಾಯ್ತು" ಅನ್ನುತ್ತೇವೆ. ಬಾಡಿಯ ಕೆಲಸ ಆಟೋನಗರದ ಶೆಡ್‌ನಲ್ಲಿ ಆಗಿರುತ್ತದೆ. ಉಳಿದದ್ದರ ಕೆಲಸ ಮಾತ್ರ ಭಾನುವಾರ ಓಣಿಯಲ್ಲಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಮಕ್ಕಳು ಸುತ್ತ ನಿಂತು ನೋಡುವಾಗ ನಡೆಯುತ್ತದೆ.

ಈ ಲೇಪಗಳಲ್ಲಿ ಹೆಚ್ಚಿನವು ಪಾಲಿಯುರೆಥೇನ್ ಅಥವಾ ಪಾಲಿಯೂರಿಯಾ. ಒಂದು ಡಬ್ಬಿ ಬಣ್ಣ, ಇನ್ನೊಂದು ಡಬ್ಬಿ ಹಾರ್ಡನರ್. ಹಾರ್ಡನರ್‌ನಲ್ಲಿರುವುದು ಐಸೊಸಯನೇಟ್ ಎಂಬ ರಾಸಾಯನಿಕ. ಹೆಸರು ಕೇಳಿದಂತಿದೆಯೇ? 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್. ಹಾಗೆಂದು "ಡಬ್ಬಿಯಲ್ಲಿರುವುದು ಭೋಪಾಲದ ಅನಿಲ" ಅಂತ ಯಾರಾದರೂ ಫಾರ್ವರ್ಡ್ ಕಳಿಸಿದರೆ ನಂಬಬೇಡಿ. ಕುಲ ಒಂದೇ, ವಸ್ತು ಬೇರೆ. ಇದು ಒಂದೇ ರಾತ್ರಿಯಲ್ಲಿ ಊರನ್ನು ಕೊಲ್ಲುವಂಥದ್ದಲ್ಲ. ಒಬ್ಬೊಬ್ಬರ ಶ್ವಾಸಕೋಶವನ್ನು ಸದ್ದಿಲ್ಲದೆ ಕೆಡಿಸುವಂಥದ್ದು.

ಕೆಡಿಸುವ ರೀತಿ ಹೀಗೆ. ಸ್ಪ್ರೇ ಗನ್ನಿನಿಂದ ಹೊರಟ ಸಣ್ಣ ಹನಿಗಳು ಉಸಿರಿನೊಂದಿಗೆ ಒಳಗೆ ಹೋಗುತ್ತವೆ. ಚರ್ಮಕ್ಕೆ ಮೆತ್ತಿಕೊಂಡರೂ ಸಾಕು, ಕೆಲವರ ದೇಹ ಅದನ್ನು ಶತ್ರು ಎಂದು ಗುರುತಿಟ್ಟುಕೊಳ್ಳುತ್ತದೆ. ಮೊದಲ ಸಲ ಏನೂ ಆಗದಿರಬಹುದು, ಹತ್ತನೆಯ ಸಲವೂ ಆಗದಿರಬಹುದು. ಒಮ್ಮೆ ಗುರುತಿಟ್ಟುಕೊಂಡ ಮೇಲೆ ಮಾತ್ರ ಅತ್ಯಲ್ಪ ಪ್ರಮಾಣಕ್ಕೂ ಎದೆ ಬಿಗಿಯುತ್ತದೆ, ದಮ್ಮು ಹತ್ತುತ್ತದೆ. ಆಮೇಲೆ ಪಕ್ಕದ ಶೆಡ್‌ನಲ್ಲಿ ಬೇರೆ ಯಾರೋ ಹೊಡೆದರೂ ಇವರಿಗೆ ಕಷ್ಟ. ಮೋಸದ ಸಂಗತಿ ಇನ್ನೊಂದಿದೆ: ಕೆಮ್ಮು, ಉಬ್ಬಸ ಎಷ್ಟೋ ಸಲ ಕೆಲಸ ಮುಗಿದು ಕೆಲವು ಗಂಟೆ ಕಳೆದ ಮೇಲೆ, ರಾತ್ರಿ ಮಲಗಿದಾಗ ಬರುತ್ತದೆ. ಆಗ ನಾವು ದೂರುವುದು ತಣ್ಣೀರನ್ನು, ಕೂಲರನ್ನು, ಹೈದರಾಬಾದಿನ ಧೂಳನ್ನು.

ಇದು ಊಹೆಯ ಮಾತಲ್ಲ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್, 2006ರಲ್ಲಿ ಬೆಡ್ ಲೈನರ್ ಸಿಂಪಡಿಸುವ ಕೆಲಸದ ಬಗ್ಗೆಯೇ ಪ್ರತ್ಯೇಕ ಎಚ್ಚರಿಕೆ ಹೊರಡಿಸಿತು. ಆ ಕೆಲಸ ಮಾಡುತ್ತಿದ್ದವನೊಬ್ಬ ಆಸ್ತಮಾದಿಂದ ಸತ್ತದ್ದು ಅದರಲ್ಲಿ ದಾಖಲಾಗಿದೆ. ಯುರೋಪಿನಲ್ಲಿ 2023ರ ಆಗಸ್ಟ್ 24ರಿಂದ, ಶೇಕಡಾ 0.1ಕ್ಕಿಂತ ಹೆಚ್ಚು ಡೈಐಸೊಸಯನೇಟ್ ಇರುವ ವಸ್ತುವನ್ನು ಕೆಲಸದಲ್ಲಿ ಬಳಸುವವರು ತರಬೇತಿ ಪಡೆದಿರಲೇಬೇಕು. ನಮ್ಮಲ್ಲಿ ಮೊಬೈಲಿನಲ್ಲಿ ಆರ್ಡರ್ ಹಾಕಿದರೆ ಡಬ್ಬಿ ಮನೆಗೆ ಬರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಎಚ್ಚರಿಕೆ ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಮಾರುವವರು ಅದನ್ನು ತೆಲುಗು, ಹಿಂದಿ, ಕನ್ನಡದಲ್ಲೂ ದೊಡ್ಡದಾಗಿ ಅಚ್ಚು ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಅದಾಗುವವರೆಗೆ ಓದಲು ಬರುವ ಮಕ್ಕಳನ್ನು ಕೂರಿಸಿಕೊಂಡು ಓದಿಸಿ: ಐಸೊಸಯನೇಟ್, ಎಂ.ಡಿ.ಐ., ಎಚ್.ಡಿ.ಐ. ಎಂದು ಎಲ್ಲಾದರೂ ಇದೆಯೇ ಎಂದು. ಒಂದೇ ಡಬ್ಬಿಯ ಲೇಪದಲ್ಲೂ ಇರಬಹುದು. ಇದಿಲ್ಲದ, ನೀರಿನಲ್ಲಿ ಕಲಸಿದ ಲೇಪಗಳೂ ಸಿಗುತ್ತವೆ.

"ಮಾಸ್ಕ್ ಹಾಕ್ಕೊಂಡೇ ಹೊಡೀತೀವಿ" ಅನ್ನುವವರಿಗೆ ಒಂದು ಮಾತು. ಕರೋನಾ ಕಾಲದ ಮಾಸ್ಕ್ ಇದರ ಆವಿಯನ್ನು ತಡೆಯುವುದಿಲ್ಲ. ಸ್ಪ್ರೇ ಮಾಡುವವರಿಗೆ ಹೇಳಿರುವುದು ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಮುಖಕ್ಕೆ ಕೊಡುವ ಸಲಕರಣೆ. ಅದು ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿದೆ ಹೇಳಿ? ವಾಸನೆ ಬರಲಿಲ್ಲ, ಹಾಗಾಗಿ ಅಪಾಯವಿಲ್ಲ ಎಂಬ ಲೆಕ್ಕವೂ ತಪ್ಪು. ಮೂಗಿಗೆ ಗೊತ್ತಾಗುವ ಮೊದಲೇ ಅದು ಸುರಕ್ಷಿತ ಮಿತಿ ದಾಟಿರಬಹುದು. ಬ್ರಶ್‌ನಿಂದಲೋ ರೋಲರ್‌ನಿಂದಲೋ ಬಳಿದರೆ ಹನಿ ಗಾಳಿಗೆ ಏಳುವುದು ಬಹಳ ಕಡಿಮೆ, ಅಷ್ಟರ ಮಟ್ಟಿಗೆ ಅಪಾಯವೂ ಕಡಿಮೆ. ಆದರೂ ಮನೆಯಲ್ಲಿ ದಮ್ಮಿನವರು, ಚಿಕ್ಕ ಮಕ್ಕಳು ಇದ್ದರೆ ನಾನಂತೂ ಬೇಡ ಎನ್ನುತ್ತೇನೆ. ಬಾಗಿಲಿನ ಅಂಚು ಕಪ್ಪಗೆ ಕಾಣಲೇಬೇಕೆಂದರೆ ಮತ್ತೊಮ್ಮೆ ಶೆಡ್‌ಗೇ ಒಯ್ಯಿರಿ, ಅಲ್ಲೂ ಸಲಕರಣೆ ಇದೆಯೇ ಎಂದು ಕೇಳಿ.

ಹಾಗಾದರೆ ಉಳಿದದ್ದನ್ನು ಏನು ಮಾಡುವುದು? ಎರಡೂ ಬೆರೆಸಿಯಾಗಿದ್ದರೆ ಮುಚ್ಚಳ ಹಾಕದೆ, ಜನ ಓಡಾಡದ ಬಯಲಿನಲ್ಲಿ ಗಟ್ಟಿಯಾಗಲು ಬಿಡಿ. ಆಗ ಅದು ಬಿಸಿಯಾಗುತ್ತದೆ, ಮುಟ್ಟಬೇಡಿ. ಪೂರ್ತಿ ಗಟ್ಟಿಯಾದ ಮೇಲೆ ಎಸೆಯಬಹುದು. ಬೆರೆಸದ ಹಾರ್ಡನರನ್ನು ಒಳ್ಳೆಯ ಪೇಂಟಿಂಗ್ ಶೆಡ್‌ನವರಿಗೆ ಕೊಟ್ಟುಬಿಡಿ. ಮಂಚದ ಕೆಳಗೆ ಇಡಬೇಡಿ: ಮಳೆಗಾಲದ ತೇವ ಒಳಗೆ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟಿ ಮುಚ್ಚಿದ ಡಬ್ಬಿ ಉಬ್ಬುತ್ತದೆ, ಒಡೆಯಲೂಬಹುದು. ಖಾಲಿ ಡಬ್ಬಿಯನ್ನು ತೊಳೆದು ನೀರು ತುಂಬಿಡುವ ನಮ್ಮ ಅಭ್ಯಾಸ ಇಲ್ಲಿ ಖಂಡಿತ ಬೇಡ. ಕೈಗೆ ಮೆತ್ತಿದರೆ ಥಿನ್ನರ್ ಬಿಟ್ಟು, ಸೋಪು ನೀರಿನಲ್ಲಿ ಕೂಡಲೇ ತೊಳೆಯಿರಿ. ಮೆತ್ತಿದ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಒಗೆಯಲು ಹಾಕಬೇಡಿ.

ಈಗಾಗಲೇ ಈ ಕೆಲಸ ಮಾಡುತ್ತಿದ್ದು ರಾತ್ರಿ ಕೆಮ್ಮು, ಎದೆಬಿಗಿತ ಇದ್ದರೆ, ರಜೆಯ ದಿನಗಳಲ್ಲಿ ಅದು ಕಡಿಮೆಯಾಗುತ್ತದೆಯೇ ಗಮನಿಸಿ. ಕಡಿಮೆಯಾಗುತ್ತಿದ್ದರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತೇ ಅದು. ಎರ್ರಗಡ್ಡದಲ್ಲಿ ಸರ್ಕಾರಿ ಎದೆರೋಗ ಆಸ್ಪತ್ರೆ ಇದೆ. ಡಬ್ಬಿಯ ಲೇಬಲ್ಲಿನ ಫೋಟೊ ಮೊಬೈಲಿನಲ್ಲಿ ಒಯ್ಯಿರಿ. ಅಲ್ಲಿ "ಆಯಾಸಂ ಉಂದಾ?" ಎಂದು ಕೇಳಿದರೆ ಸುಸ್ತು ಇಲ್ಲವೆಂದು ತಲೆಯಾಡಿಸಿಬಿಡಬೇಡಿ. ತೆಲುಗಿನ ಆಯಾಸಂ ನಮ್ಮ ಆಯಾಸವಲ್ಲ, ಏದುಸಿರು. ಅವರು ಕೇಳುತ್ತಿರುವುದು ದಮ್ಮು ಹತ್ತುತ್ತದೆಯೇ ಎಂದು.