ಮೆರವಣಿಗೆಯ ಮರುದಿನ

ಮೆರವಣಿಗೆ ಚೆದರಿದ ಮೇಲೆ ಬೀದಿಯಲ್ಲಿ ಉಳಿಯುವುದು ತುಳಿದ ಹೂವು, ಹರಿದ ಕಾಗದ, ಒಂದೆರಡು ಮುರಿದ ಬಿದಿರುಕೋಲು. ಬೆಳಗಾಗುವುದರೊಳಗೆ ಪೌರಕಾರ್ಮಿಕರು ಅದನ್ನೂ ಗುಡಿಸಿರುತ್ತಾರೆ. ಕೂಗಿದವರ ಗಂಟಲು ಇನ್ನೂ ಸರಿಹೋಗಿರುವುದಿಲ್ಲ. ಅವರ ಊರಿನ ಬಸ್ಸು ಆಗಲೇ ಹೊರಟಿರುತ್ತದೆ. ಆ ಬಸ್ಸಿನಲ್ಲಿ ಕುಳಿತವರು ಊರು ಸೇರಿದ ಮೇಲೆ ಏನು ಮಾಡುತ್ತಾರೆ ಎಂಬುದರ ಮೇಲೆ ಹಿಂದಿನ ದಿನದ ಕೂಗಿನ ಬೆಲೆ ನಿಂತಿದೆ.

ಇದಕ್ಕೆ ಕರ್ನಾಟಕದಲ್ಲಿಯೇ ಒಳ್ಳೆಯ ನಿದರ್ಶನವುಂಟು. 2008ರ ಜೂನ್ 29ರಂದು ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಸ್ವಾಭಿಮಾನದ ಮೆರವಣಿಗೆ ಮೊದಲ ಸಲ ಹೊರಟಿತು. ಹುಟ್ಟಿದಾಗ ಗಂಡೆಂದು ಬರೆಸಿಕೊಂಡು ಹೆಣ್ಣಾಗಿ ಬಾಳುವವರು, ಹೆಣ್ಣೆಂದು ಬರೆಸಿಕೊಂಡು ಗಂಡಾಗಿ ಬಾಳುವವರು, ಹಿಜಡಾ, ಜೋಗಪ್ಪ, ಮಂಗಳಮುಖಿ ಎಂದು ಊರಿಗೊಂದು ಹೆಸರಿನಿಂದ ಕರೆಸಿಕೊಳ್ಳುವವರು ಹಗಲು ಬೆಳಕಿನಲ್ಲಿ, ನಡುಬೀದಿಯಲ್ಲಿ ನಡೆದರು. ಅದಾಗಿ ನಾಲ್ಕು ತಿಂಗಳು ತುಂಬಿರಲಿಲ್ಲ. ಅಕ್ಟೋಬರಿನಲ್ಲಿ ಅದೇ ನಗರದ ಪೊಲೀಸರು ಹಿಜಡಾಗಳನ್ನು ಹಿಡಿದು ಠಾಣೆಗೆ ಒಯ್ದರು. ಅವರ ಗತಿಯೇನೆಂದು ವಿಚಾರಿಸಲು ಹೋದ ಕಾರ್ಯಕರ್ತರೂ ಬಂಧನಕ್ಕೊಳಗಾದರು. ಬೀದಿ ಒಪ್ಪಿದ್ದನ್ನು ಠಾಣೆ ಒಪ್ಪಿರಲಿಲ್ಲ.

ಮೆರವಣಿಗೆಗೆ ಮೂರು ವರ್ಷವಾಗುವ ಹೊತ್ತಿಗೆ ಕಾನೂನು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. 1963ರ ಕರ್ನಾಟಕ ಪೊಲೀಸ್ ಕಾಯಿದೆಗೆ 2011ರಲ್ಲಿ ಆದ ತಿದ್ದುಪಡಿಯಿಂದ 36ಎ ಎಂಬ ಕಲಮು ಸೇರಿತು. ಈ ಸಮುದಾಯದವರನ್ನು ಹಳೆಯ ಆಂಗ್ಲ ಕಾನೂನಿನ ಅವಮಾನಕರವಾದ ಪದದಿಂದಲೇ ಅದು ಹೆಸರಿಸಿತ್ತು. ಬಾಲಕರನ್ನು ಅಪಹರಿಸುತ್ತಾರೆ, ಅಸ್ವಾಭಾವಿಕ ಅಪರಾಧ ಮಾಡುತ್ತಾರೆ ಎಂಬ ಸಂಶಯವಿದ್ದ ಮಾತ್ರಕ್ಕೆ ಅವರ ಹೆಸರು, ವಾಸಸ್ಥಳಗಳ ದಫ್ತರವನ್ನು ಇಡಬಹುದು. ಅವರು ಇಂಥ ಕೆಲಸ ಮಾಡಕೂಡದೆಂದು ಆಜ್ಞೆ ಹೊರಡಿಸಬಹುದು ಎಂದು ಪೊಲೀಸ್ ಕಮಿಷನರರಿಗೆ ಅಧಿಕಾರ ಕೊಟ್ಟಿತ್ತು. ಇದು ಯಾರ ಹೊಸ ಯೋಚನೆಯೂ ಅಲ್ಲ. ಬ್ರಿಟಿಷ್ ಸರಕಾರ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ಉತ್ತರ ಹಿಂದೂಸ್ಥಾನದ ಹಿಜಡಾಗಳಿಗಾಗಿ ಇಂಥದೇ ದಫ್ತರವನ್ನು ತೆರೆದಿತ್ತು. ನಿಜಾಮರ ಹೈದರಾಬಾದಿನಲ್ಲಿ 1329ನೆಯ ಫಸಲಿಯ ಕಾಯಿದೆ ಅದನ್ನೇ ಅನುಸರಿಸಿತು. ಅಲ್ಲಿಂದ ಎತ್ತಿ ತಂದಂತೆ ಬೆಂಗಳೂರಿನ ವಿಧಾನಸೌಧದ ಕಾಗದದ ಮೇಲೆ, ಸ್ವಾತಂತ್ರ್ಯ ಬಂದು ಅರವತ್ತು ವರ್ಷಗಳು ಕಳೆದ ಮೇಲೆ, ಅದು ಮತ್ತೆ ಮೂಡಿತು.

ಈ ಕಲಮನ್ನು ಅಲುಗಾಡಿಸಲು ಘೋಷಣೆ ಸಾಲದು. ತಿದ್ದುಪಡಿಯನ್ನು ಓದಿ, ಅರ್ಥಮಾಡಿಕೊಂಡು, ವಕೀಲರ ಬಾಗಿಲು ತಟ್ಟಿ, ವಾಯಿದೆಯ ಮೇಲೆ ವಾಯಿದೆಗೆ ನ್ಯಾಯಾಲಯದ ಬೆಂಚಿನ ಮೇಲೆ ಕೂಡುವ ಜನ ಬೇಕು. ಇಂಥ ಕೆಲಸವನ್ನು ಯಾರೂ ಛಾಯಾಚಿತ್ರ ತೆಗೆಯುವುದಿಲ್ಲ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ತೀರ್ಪಿತ್ತಿತು. ಆ ಬೆಳಕನ್ನು ಹಿಡಿದು ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ 36ಎ ಕಲಮಿನ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಪ್ರಕರಣ ನಡೆಯುತ್ತಿರುವಾಗಲೇ, 2016ರಲ್ಲಿ, ಸರಕಾರ ಆ ಪದವನ್ನು ಅಳಿಸಿ ‘ವ್ಯಕ್ತಿಗಳು’ ಎಂದು ಬರೆಯಿತು. ಐದು ವರ್ಷಗಳ ದುಡಿಮೆಗೆ ದೊರೆತದ್ದು ಒಂದು ಪದದ ಬದಲಾವಣೆ ಎಂದು ನಗುವವರು ನಗಬಹುದು. ಪೊಲೀಸರ ದಫ್ತರದಲ್ಲಿ ತನ್ನ ಹೆಸರು ಕಳ್ಳರ ಸಾಲಿಗೆ ಸೇರೀತೆಂದು ಹೆದರಿ ಮಲಗಿದವರು ನಗಲಾರರು.

ಉದ್ಯೋಗದ ವಿಷಯವೂ ಹೀಗೆಯೇ. ಪೊಲೀಸ್ ಇಲಾಖೆಯ ನೇಮಕಾತಿಯ ಜಾಹೀರಾತಿನಲ್ಲಿ ಗಂಡು, ಹೆಣ್ಣು ಎಂಬ ಎರಡೇ ಅಂಕಣಗಳಿದ್ದುದನ್ನು ಪ್ರಶ್ನಿಸಿ ‘ಸಂಗಮ’ ಸಂಸ್ಥೆ 2020ರಲ್ಲಿ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿತು. ‘ಜೀವ’ ಸಂಸ್ಥೆ ಜೊತೆಗೂಡಿತು. 2021ರ ಜುಲೈಯಲ್ಲಿ ಸರಕಾರ ನೇಮಕಾತಿ ನಿಯಮಗಳನ್ನೇ ತಿದ್ದಿ, ಸರಕಾರಿ ಹುದ್ದೆಗಳಲ್ಲಿ ಶೇಕಡಾ 1ರಷ್ಟನ್ನು ಲಿಂಗತ್ವ ಅಲ್ಪಸಂಖ್ಯಾತರಿಗೆ ಮೀಸಲಿಟ್ಟಿತು. ದೇಶದಲ್ಲಿ ಈ ಕೆಲಸವನ್ನು ಮೊದಲು ಮಾಡಿದ ರಾಜ್ಯ ಕರ್ನಾಟಕ. ಸಾಮಾನ್ಯ, ಪರಿಶಿಷ್ಟ, ಹಿಂದುಳಿದ ಎಂಬ ಎಲ್ಲ ವರ್ಗಗಳ ಒಳಗೂ ಈ ಒಂದು ಪಾಲು ಹಾಯುತ್ತದೆ. ಆದರೆ ನಿಯಮದ ಬಾಲವನ್ನೂ ಓದಬೇಕು: ಅರ್ಹ ಅಭ್ಯರ್ಥಿ ದೊರೆಯದಿದ್ದರೆ ಆ ಹುದ್ದೆ ಅದೇ ವರ್ಗದ ಗಂಡಸಿಗೋ ಹೆಂಗಸಿಗೋ ಹೋಗುತ್ತದೆ. ಅರ್ಹರಾಗಬೇಕಾದವರು ಸಹಪಾಠಿಗಳ ಹಾಸ್ಯಕ್ಕೆ ಬೇಸತ್ತು ಎಂಟನೆಯ ತರಗತಿಗೇ ಶಾಲೆ ಬಿಟ್ಟಿದ್ದರೆ, ವಿಧಾನಸೌಧದಲ್ಲಿ ಮೀಸಲಿಟ್ಟ ಕುರ್ಚಿ ಖಾಲಿಯೇ ಉಳಿಯುತ್ತದೆ. ಆ ತರಗತಿ ಇರುವುದು ಬೆಂಗಳೂರಿನಲ್ಲಲ್ಲ, ಹಳ್ಳಿಯಲ್ಲಿ.

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯನ್ನೇ ತೆಗೆದುಕೊಳ್ಳಬಹುದು. ಬೆಂಗಳೂರಿನ ಮೆರವಣಿಗೆ ಅಲ್ಲಿಗೆ ಬರುವುದಿಲ್ಲ. ಅಂಥ ಊರಿಗೆ ಬರುವುದು ಪಡಿತರ ಚೀಟಿ, ಮತದಾರರ ಪಟ್ಟಿ, ಶಾಲೆಯ ವರ್ಗಾವಣೆ ಪತ್ರ. ಇವುಗಳಲ್ಲಿ ಬರೆದ ಹೆಸರೊಂದು, ಬಾಳುವ ಬಾಳು ಇನ್ನೊಂದು ಆದಾಗ ಬವಣೆ ಆರಂಭವಾಗುತ್ತದೆ. 2019ರ ಕಾಯಿದೆ ಗುರುತಿನ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಎಂದರೆ ಈ ಊರಿನವರ ಪಾಲಿಗೆ ಚಿತ್ರದುರ್ಗಕ್ಕೆ, ಒಪ್ಪಿಸಿತು. 2020ರ ನಿಯಮಗಳು, ವೈದ್ಯ ಪರೀಕ್ಷೆ ಬೇಡ, ಅರ್ಜಿದಾರರ ಪ್ರಮಾಣವಾಕ್ಯವೇ ಸಾಕು, ಮೂವತ್ತು ದಿನಗಳಲ್ಲಿ ಪತ್ರ ಕೊಡಬೇಕು ಎಂದು ವಿಧಿಸಿದವು. ಅದೇ ವರ್ಷದ ನವೆಂಬರಿನಲ್ಲಿ ಅಂತರಜಾಲದ ಮೂಲಕ ಅರ್ಜಿ ಕಳಿಸುವ ಏರ್ಪಾಡೂ ಆಯಿತು. ಕಚೇರಿಯ ಮೆಟ್ಟಿಲು ಹತ್ತಿ ಜವಾನನ ನಗೆಗೆ ಗುರಿಯಾಗುವುದು ತಪ್ಪಿತೆಂದು ನಗರದವರು ಸಂತೋಷಪಟ್ಟರು.

ಹಳ್ಳಿಯಲ್ಲಿ ಅದು ಬೇರೆ ರೂಪ ತಾಳುತ್ತದೆ. ಅರ್ಜಿ ತುಂಬುವ ಗಣಕಯಂತ್ರ ಇರುವುದು ಬಸ್ ನಿಲ್ದಾಣದ ಮಗ್ಗುಲಿನ ಅಂಗಡಿಯಲ್ಲಿ. ಅಂಗಡಿಯವನು ಊರಿನವನೇ; ಅಪ್ಪನ ಜೊತೆ ಶೇಂಗಾದ ಮಂಡಿಗೆ ಹೋಗುವವನು. ಹಿಂದೆ ನಾಲ್ಕು ಜನ ಪಹಣಿಗಾಗಿ ಕಾದು ನಿಂತಿರುತ್ತಾರೆ. “ಏನಪ್ಪಾ ಇದು, ನಿಮ್ಮಪ್ಪನಿಗೆ ಗೊತ್ತೇನೋ?” ಎಂದು ಅವನು ಗಟ್ಟಿಯಾಗಿ ಕೇಳಿದರೆ ಸಾಕು, ಅರ್ಜಿ ಅಲ್ಲಿಗೇ ಮುಗಿಯಿತು. ಬೈಗಿನೊಳಗೆ ಸುದ್ದಿ ಮನೆ ಮುಟ್ಟುತ್ತದೆ; ರಾತ್ರಿ ಅನ್ನದ ತಟ್ಟೆಯ ಮುಂದೆ ಏನಾದೀತೆಂದು ಹೇಳಬೇಕಾಗಿಲ್ಲ. ಹೀಗಿರಲಾಗಿ, ಬೆಂಗಳೂರಿನ ಮೆರವಣಿಗೆಯಲ್ಲಿ ಒಂದು ದಿನ ನಡೆದು ಬಂದ ಗೆಳೆಯನೋ ಗೆಳತಿಯೋ ಆ ಊರಿನಲ್ಲಿದ್ದರೆ ಅವರಿಗೆ ಕೆಲಸ ಸಿದ್ಧವಾಗಿದೆ. ತಮ್ಮ ಕೈಯ ದೂರವಾಣಿಯಲ್ಲಿಯೇ, ಹೊಲದ ಬದುವಿನ ಮೇಲೆ ಕುಳಿತು, ಆ ಅರ್ಜಿಯನ್ನು ತುಂಬಿಸಿಕೊಡಬಹುದು. ಪ್ರಮಾಣಪತ್ರ ಬರೆಸಲು ಹಿರಿಯೂರಿನ ನ್ಯಾಯಾಲಯದವರೆಗೆ ಜೊತೆಗೆ ಹೋಗಬಹುದು. ಅಲ್ಲಿಯ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ಯಾವುದೆಂದು ತೋರಿಸಬಹುದು; 2014ರ ತೀರ್ಪಿನ ಅರ್ಜಿದಾರ ಸಂಸ್ಥೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವೇ ಎಂಬುದನ್ನು ಅಲ್ಲಿಯವರಿಗೆ ನೆನಪಿಸಿದರೂ ತಪ್ಪಾಗದು. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತವಾದ್ದರಿಂದ ಆ ದಿನದ ನಿಯಮವೇನೆಂದು ಹೊರಡುವ ಮುನ್ನವೇ ವಿಚಾರಿಸಿಟ್ಟುಕೊಳ್ಳುವುದು ಮೇಲು. 36ಎ ಕಲಮು ಸೇರಿದ್ದೂ ಒಂದು ತಿದ್ದುಪಡಿಯಿಂದಲೇ.

ಹಳ್ಳಿಗೆ ಈ ಜನ ಅಪರಿಚಿತರೆಂದು ಯಾರೂ ಹೇಳುವಂತಿಲ್ಲ. ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪನ ಕಾಲಿಗೆ ಹಬ್ಬದ ದಿನ ಬೀಳುವ ಗೃಹಸ್ಥರು ಮರುದಿನ ಅದೇ ಜೋಗಪ್ಪನಿಗೆ ಬಾಡಿಗೆಗೆ ಒಂದು ಕೋಣೆ ಕೊಡಲೊಲ್ಲರು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಮನೆ ಬಿಟ್ಟು, ವಿಷ ಕುಡಿದು ಬದುಕಿ ಉಳಿದು, ದಾವಣಗೆರೆಯಲ್ಲಿ ಭಿಕ್ಷೆ ಬೇಡಿದ ಕಾಲದಲ್ಲಿ ಆ ಊರು ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಅಲ್ಲಿಯೇ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯವನ್ನು ಬಸಪ್ಪನೆಂಬವರಿಂದ ಅವರು ಕಲಿತರು. ಮುಂದೆ ಕಾಳವ್ವ ಜೋಗತಿಯ ಮೇಳ ಸೇರಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪದವಿ, 2021ರಲ್ಲಿ ಪದ್ಮಶ್ರೀ. ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದ ಅವರ ಚಿತ್ರವನ್ನು ದೇಶವೆಲ್ಲ ನೋಡಿ ಹಿಗ್ಗಿತು. ದಾವಣಗೆರೆಯಲ್ಲಿ ಅವರ ಕೈಗೆ ಬಿದ್ದ ಚಿಲ್ಲರೆ ಕಾಸನ್ನೂ, ಬಿದ್ದ ಬೈಗುಳವನ್ನೂ ಆ ಹಿಗ್ಗಿನಲ್ಲಿ ಯಾರೂ ಲೆಕ್ಕಹಾಕಲಿಲ್ಲ.

2011ರ ಜನಗಣತಿಯಲ್ಲಿ ಗಂಡು, ಹೆಣ್ಣುಗಳ ಆಚೆಗೆ ‘ಇತರೆ’ ಎಂಬ ಮೂರನೆಯ ಅಂಕಣ ಮೊದಲ ಬಾರಿಗೆ ತೆರೆಯಿತು; ಕರ್ನಾಟಕದಲ್ಲಿ ಅದರೊಳಗೆ ಬಂದವರು 20,266 ಮಂದಿ. ಅಂಗಡಿಯವನ ಮುಂದೆ ಬಾಯಿಬಿಡಲಾಗದವರು ಗಣತಿಯ ಮೇಷ್ಟರ ಮುಂದೆ, ಅಪ್ಪ ಅಮ್ಮ ಪಕ್ಕದಲ್ಲಿ ನಿಂತಿರುವಾಗ, ಬಾಯಿಬಿಟ್ಟಿರಲಾರರು. ಸರಕಾರದ ‘ಮೈತ್ರಿ’ ಮಾಸಾಶನ 2024-25ರ ಆಯವ್ಯಯದಲ್ಲಿ 800 ರೂಪಾಯಿಯಿಂದ 1,200ಕ್ಕೆ ಏರಿತು. ಅದು ಕೈಸೇರಬೇಕಾದರೂ ಮೊದಲು ಬೇಕಾದದ್ದು ಗುರುತಿನ ಕಾಗದ.

ಅರ್ಜಿ ಹೋದ ಕೂಡಲೇ ಒಂದು ಸಂಖ್ಯೆ ಬರುತ್ತದೆ. ಅದನ್ನು ಎರಡು ಕಡೆ ಬರೆದಿಡುವುದು ಜಾಣತನ: ಒಂದು ಅರ್ಜಿದಾರರಲ್ಲಿ, ಇನ್ನೊಂದು ಜೊತೆಗೆ ಬಂದವರಲ್ಲಿ. ಮನೆಯಲ್ಲಿ ಕಾಗದ ಹರಿದುಹಾಕುವವರು ಇರುತ್ತಾರೆ. ಮೂವತ್ತು ದಿನ ಕೂಡಿಸಿ ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿಕೊಂಡು, ಅಷ್ಟರಲ್ಲಿ ಉತ್ತರ ಬಾರದಿದ್ದರೆ ಹರಿಯಬ್ಬೆಯಿಂದ ಬೆಳಗಿನ ಬಸ್ಸಿಗೆ ಹಿರಿಯೂರು, ಅಲ್ಲಿಂದ ಚಿತ್ರದುರ್ಗ. ಇಬ್ಬರಿಗೂ ಬುತ್ತಿ ಕಟ್ಟಿಕೊಂಡು.